ಹುಣಸೆಹಣ್ಣಿನಲ್ಲಿ ಉಜ್ಜಿದ ಕಾಸು

ಊರ ಗಡಿಯ ಮೋರಿಯ ಆಚೆ ಬಸ್ಸು ನಿಲ್ಲಿಸಿಕೊಂಡು ಡ್ರೈವರ್ ಇಮಾಂಸಾಬಿ ಹಾರ್ನ್ ಹೊಡೆಯುವುದನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ. ಬಸ್ಸು ಮೋರಿಯನ್ನು ಖಾಲಿಯಾಗಿಯೇ ದಾಟುತ್ತದೆ. ಜನ ಈಚೆಗೇ ಇಳಿದು, ಒಬ್ಬೊಬ್ಬರಾಗಿ ಮೋರಿಯ ಕಟ್ಟೆಯ ಹತ್ತಿರ ನಿಂತು, ತಮ್ಮ ಕಾಸಿನಲ್ಲಿ ಏನಿದೆ ಎಂದು ಗಟ್ಟಿಯಾಗಿ ಹೇಳಿ ನಡೆಯುತ್ತಾರೆ. ಮುಂದೆ ಯಾರ ಮುಖ, ಹಿಂದೆ ಏನು ಚಿತ್ರ, ಅಷ್ಟೇ. ಸರಿಯಾಗಿ ಹೇಳಿದವರು ಆಚೆ ಹೋಗಿ ಬಸ್ಸು ಹತ್ತುತ್ತಾರೆ. ತಪ್ಪು ಹೇಳಿದವರು ನೆಟ್ಟಗೆ ಹತ್ತು ಹೆಜ್ಜೆ ಹಾಕುವಷ್ಟರಲ್ಲಿ ಹಿಟ್ಟಿನ ಗಿರಣಿಯ ಮುಂದೆ ಊರ ಕಡೆಗೆ ನಡೆಯುತ್ತಿರುತ್ತಾರೆ. ಒಮ್ಮೆ ತಪ್ಪಿದರೆ ಒಂದು ವರ್ಷ ಆ ರಸ್ತೆ ಅವರ ಮಾತು ಕೇಳುವುದಿಲ್ಲ. ಅಂಥವರಿಗೆಂದೇ ಸಾಕಮ್ಮ ಗಿರಣಿಯ ಪಕ್ಕ ಹೋಟೆಲು ಇಟ್ಟಿದ್ದಾಳೆ. ವಾಪಸು ಬಂದವರಿಗೆ ಮೊದಲ ಲೋಟ ಚಹ ಬಿಟ್ಟಿ.

ಆ ಬಿಟ್ಟಿ ಚಹವನ್ನು ನನ್ನಷ್ಟು ಸಲ ಕುಡಿದವನು ಊರಲ್ಲಿ ಇನ್ನೊಬ್ಬನಿಲ್ಲ. ಮೂವತ್ತೊಂದು ಸಲ.

ಕಾಸು ಎಂದರೆ ಅಂಗಡಿಯಲ್ಲಿ ನಡೆಯುವ ಕಾಸಲ್ಲ. ನಮ್ಮೂರಲ್ಲಿ ಮಗು ಹುಟ್ಟಿದ ಬೆಳಿಗ್ಗೆ ಆ ಮನೆಯ ಒರಳುಕಲ್ಲು ಎತ್ತಿ ನೋಡಿದರೆ ಕೆಳಗೆ ಒಂದು ಕಂಚಿನ ಕಾಸು ಇರುತ್ತದೆ. ಕಪ್ಪು ಹಸಿರು ಬಣ್ಣ, ಮೇಲೆಲ್ಲ ಕಲ್ಲಿನಂಥ ಮಣ್ಣು. ಅದನ್ನು ಮಗುವಿನ ಹೆಸರಲ್ಲಿ ತೆಗೆದಿಟ್ಟು, ಎಂಟು ತುಂಬಿದ ಮೇಲೆ ಓದಿಸುತ್ತಾರೆ. ಓದುವವನು ನಾನು. ತಿಪ್ಪೇಶಿ ಎಂದು ಹೆಸರು. ಏಳನೇ ಕ್ಲಾಸಿನವರೆಗೆ ಊರ ಶಾಲೆಯಲ್ಲಿ ಕಲಿತಿದ್ದೇನೆ. ಇಂಗ್ಲಿಷ್ ಅಕ್ಷರ ಓದಲು ಬರುತ್ತದೆ, ಅರ್ಥ ಗೊತ್ತಿಲ್ಲ. ಕಾಸಿನ ಮೇಲಿನ ಅಕ್ಷರಗಳು ಹೆಚ್ಚೂಕಡಿಮೆ ಅವೇ ಆಗಿರುವುದರಿಂದ ಅಷ್ಟು ಸಾಕು.

ಹಿಂದೆ ಇದ್ದ ಮೇಷ್ಟ್ರೊಬ್ಬರು ಒಂದು ದಪ್ಪ ಚಿತ್ರದ ಪುಸ್ತಕವನ್ನು, ಪಕ್ಕದಲ್ಲಿ ಕನ್ನಡದಲ್ಲಿ ಅರ್ಥ ಬರೆದು, ಬಿಟ್ಟುಹೋದರು. ಅದರ ಪ್ರಕಾರ ಇವರೆಲ್ಲ ಕಡಲಾಚೆಯ ರೋಮ್ ಎಂಬ ರಾಜ್ಯದ ಚಕ್ರವರ್ತಿಗಳು, ಸತ್ತು ಸಾವಿರದೈನೂರು, ಎರಡು ಸಾವಿರ ವರ್ಷವಾಗಿದೆ. ಇರಬಹುದು. ನಮ್ಮೂರಿನವರಿಗೆ ಅವರ ಹೆಸರು ನಾಲಿಗೆ ಮೇಲೆ ಹೊರಳುವುದಿಲ್ಲ. ನಾವು ಇಟ್ಟಿರುವ ಹೆಸರೇ ಬೇರೆ. ದಪ್ಪ ಕತ್ತಿನವನು, ಗುಂಗುರು ಗಡ್ಡದವನು, ಹಣೆಗೆ ಕೂದಲು ಬಾಚಿದವನು, ಗಿಣಿಮೂಗಿನ ಮುದುಕ. ರಸ್ತೆಗೂ ಹೆಸರಿನ ಬಗ್ಗೆ ಹಟವಿಲ್ಲ. ಯಾರ ಮುಖವೋ ಅವನನ್ನೇ ಹೇಳಿರಬೇಕು, ಅಷ್ಟೇ. ಕಾಸಿನ ಹಿಂದುಗಡೆ ಬಹಳ ಮಟ್ಟಿಗೆ ಹೆಂಗಸರು. ತಕ್ಕಡಿ ಹಿಡಿದವಳು, ಕೊಂಬು ಹಿಡಿದವಳು, ಚುಕ್ಕಾಣಿ ಹಿಡಿದವಳು. ಅಪರೂಪಕ್ಕೆ ಕುದುರೆಯಿಂದ ಬಿದ್ದವನನ್ನು ಈಟಿಯಿಂದ ತಿವಿಯುವ ಸಿಪಾಯಿ, ಎರಡು ಕೂಸುಗಳಿಗೆ ಹಾಲೂಡಿಸುವ ತೋಳ, ಕೋಟೆಯ ಬಾಗಿಲು.

ಕಾಸು ತಂದವರಿಗೆ ನಾನು ಮೊದಲು ಹೇಳುವ ಮಾತು ಒಂದೇ. ಉಜ್ಜಬೇಡಿ. ಬೈದು ಹೇಳುತ್ತೇನೆ. ಹರಳೆಣ್ಣೆಯಲ್ಲಿ ಮೂರು ತಿಂಗಳು ನೆನೆಯಲು ಬಿಟ್ಟು, ಜಾಲಿ ಮುಳ್ಳಿನ ತುದಿಯಲ್ಲಿ ಕೂದಲೆಳೆಯಷ್ಟು ಮಣ್ಣು ಬಿಡಿಸುತ್ತ ಕೂರಬೇಕು. ಮುಖ ಇರುವುದು ಲೋಹದಲ್ಲಿ ಅಲ್ಲ, ಅದರ ಮೇಲಿನ ಕಪ್ಪು ಪೊರೆಯಲ್ಲಿ. ಪೊರೆ ಹೋದರೆ ಮೂಗು ಹೋಯಿತು, ಅಕ್ಷರ ಹೋಯಿತು, ಎಲ್ಲ ಹೋಯಿತು. ಆದರೆ ನಮ್ಮ ಹೆಂಗಸರ ಕೈ ಸುಮ್ಮನಿರುವುದಿಲ್ಲ. ಕಂಚು, ಹಿತ್ತಾಳೆ ಕಂಡರೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಹಬ್ಬದ ದಿನ ಪಾತ್ರೆಗಳ ಜೊತೆ ಕಾಸನ್ನೂ ತಿಕ್ಕಿ, ಫಳಫಳ ಹೊಳೆಯಿಸಿ, "ಹೆಂಗೈತೆ ನೋಡು ತಿಪ್ಪೇಶಣ್ಣ" ಎಂದು ಹಲ್ಲು ಕಿರಿದು ತಂದುಕೊಡುತ್ತಾರೆ. ಅಂಥವರಲ್ಲಿ ಇಬ್ಬರ ಮೇಲೆ ನಾನು ಕೈ ಎತ್ತಲು ಹೋಗಿ, ಜನ ಹಿಡಿದುಕೊಂಡಿದ್ದಾರೆ.

ನನ್ನ ಕಾಸೂ ಹೊಳೆಯುತ್ತದೆ. ನಾನು ಏಳು ವರ್ಷದವನಿದ್ದಾಗ ನನ್ನ ಅಕ್ಕ ಓಬಮ್ಮ ಅದನ್ನು ಹುಣಸೆಹಣ್ಣಿನಲ್ಲಿ ಉಜ್ಜಿದಳು. ಆಗ ಅವಳಿಗೆ ಹದಿನಾಲ್ಕು. ಅವ್ವ ಸತ್ತಿದ್ದಳು, ಅಪ್ಪ ಒಂದು ದಿನ ಮೋರಿಯ ಹತ್ತಿರ ತನ್ನ ಕಾಸು ಹೇಳಿ ದಾಟಿದವನು ವಾಪಸು ಬರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ತಮ್ಮನ ಕಾಸು ಹೊಳೆಯಲಿ ಎಂಬ ಆಸೆಗೆ ಪಾಪದ ಹುಡುಗಿ ಉಜ್ಜಿಬಿಟ್ಟಳು ಎಂದು ಊರವರು ಹೇಳಿದರು. ನಾಲ್ಕು ವರ್ಷವಾದ ಮೇಲೆ ನಮ್ಮ ದೊಡ್ಡಪ್ಪ ಅವಳನ್ನು ಬೇರೆ ಊರಿಗೆ ಕೊಟ್ಟ. ಅವಳು ತನ್ನ ಕಾಸು ಹೇಳಿ, ಮೋರಿ ದಾಟಿ, ಬಸ್ಸು ಹತ್ತಿದಳು. ನಾನು ಈಚೆ ನಿಂತಿದ್ದೆ, ಕೈಯಲ್ಲಿ ಅಂಗಿಯ ಗುಂಡಿಯಷ್ಟು ನುಣ್ಣಗಿನ ಕಾಸು ಹಿಡಿದುಕೊಂಡು.

ಮುಖ ಅಳಿಸಿದ ಹುಡುಗ ಎಲ್ಲಿಗೂ ಹೋಗಲಾರ ಎಂದು ಲೆಕ್ಕ ಹಾಕಿಯೇ ಹಿಂದಿನ ಓದುವವನು ನನಗೆ ವಿದ್ಯೆ ಕಲಿಸಿದ. ಊರಿಗೆ ಅದು ಅನುಕೂಲವಾಯಿತು. ನನಗೆ ಆಗಲಿಲ್ಲ. ಕೂತರೆ ನಿಲ್ಲಬೇಕು, ನಿಂತರೆ ಮೋರಿಯವರೆಗೆ ಹೋಗಿಬರಬೇಕು. ಮದುವೆಯಾಗಲಿಲ್ಲ. ಯಾರಿಗೆ ಬೇಕು ಇಂಥ ಗಂಡ? ವರ್ಷಕ್ಕೊಂದು ಸಲ ಅಂದಾಜಿನ ಮೇಲೆ ಏನಾದರೊಂದು ಹೇಳಿ ನಡೆದು ನೋಡುತ್ತಿದ್ದೆ, ಗಿರಣಿಯ ಮುಂದೆ ಬಂದು ನಿಲ್ಲುತ್ತಿದ್ದೆ. ಉಜ್ಜಿದ್ದರಿಂದ ಒಂದು ವಿಷಯ ಮಾತ್ರ ಗೊತ್ತಾಗಿತ್ತು. ಲೋಹ ಹಳದಿ. ಅದೇ ಗಾತ್ರದ ಕೆಂಪು ಕಾಸಿನಲ್ಲಿ ರಾಜನಿಗೆ ಎಲೆಯ ಕಿರೀಟ ಇಲ್ಲವೇ ಬರಿತಲೆ, ಹಳದಿಯದರಲ್ಲಿ ಗರಗಸದ ಹಲ್ಲಿನಂತೆ ಚೂಪು ಚೂಪಾದ ಕಿರೀಟ. ಪೊರೆ ಇರುವ ಕಾಸಿನಲ್ಲಿ ಕಿರೀಟ ನೋಡಿ ಲೋಹ ಹೇಳುತ್ತೇವೆ. ನನ್ನದರಲ್ಲಿ ಲೋಹ ನೋಡಿ ಕಿರೀಟ ಹೇಳಬೇಕು. ಆದರೆ ಗರಗಸದ ಕಿರೀಟದವರು ಇಪ್ಪತ್ತು ಜನ, ಒಬ್ಬೊಬ್ಬನ ಹಿಂದೆ ಇಪ್ಪತ್ತು ಮೂವತ್ತು ಚಿತ್ರ. ವರ್ಷಕ್ಕೊಂದರಂತೆ ಹೇಳಿ ಮುಗಿಸಲು ನಾನು ಆಮೆಯಲ್ಲ.

ಓಬಕ್ಕ ಮೊದಮೊದಲು ಕಾಗದ ಬರೆಯುತ್ತಿದ್ದಳು. ಒಡೆಯದೆ ಬಸ್ಸಿನವನ ಕೈಯಲ್ಲೇ ವಾಪಸು ಕಳಿಸುತ್ತಿದ್ದೆ. ಎರಡು ಸಲ ತಾನೇ ಬಂದಳು. ಅವಳು ಊರು ಬಿಡುವವರೆಗೆ ಗಿರಣಿಯಲ್ಲಿ ಹೋಗಿ ಕೂತೆ.

ಮೊನ್ನೆ ಸೋಮವಾರ ಬೆಳಿಗ್ಗೆ ಫೋನು ಬಂತು. ಅವಳ ಮಗಳು ಗಿರಿಜ.

"ಮಾವ, ಅಮ್ಮ ಆಸ್ಪತ್ರೇಲಿದಾರೆ. ಎರಡೂ ಕಿಡ್ನಿ ಹೋಗಿದೆ. ಡಾಕ್ಟ್ರು ಇನ್ನು ಎರಡು ದಿನ, ಮೂರು ದಿನ ಅಂತಾರೆ. ನಿಮ್ಮನ್ನ ನೋಡ್ಬೇಕು ಅಂತ ಒಂದೇ ಸಮ ಹಟ."

"ನಾನೇನು ಹಾರ್ಕೊಂಡು ಬರ್ಲಾ?" ಎಂದೆ.

"ಅವ್ರ ಹತ್ರಾನೇ ಹೇಳಿ. ಕೊಡ್ತೀನಿ."

ಸ್ವಲ್ಪ ಹೊತ್ತು ಬರೀ ಉಸಿರು ಕೇಳಿಸಿತು. ಆಮೇಲೆ, "ಯಾರು, ತಿಪ್ಪೇಶಿನೇನೋ?"

"ಹೂಂ."

"ಇನ್ನೂ ಕ್ವಾಪ ಐತಾ?"

"ಐತೆ."

"ಇರ್ಲಿ. ಅದ್ನೂ ಕಟ್ಕಂಡು ಬಾ."

"ಹೆಂಗ್ ಬರ್ಲಿ? ನೀನೇ ಚೊಂಬು ಬೆಳಗಿದಂಗೆ ಬೆಳಗಿ ಇಟ್ಟೀಯಲ್ಲ. ಹೊಳೀತೈತೆ ಇನ್ನೂ, ನೋಡ್ತೀಯಾ?"

"ಹೊಳೀಲಿ ಅಂತ ಉಜ್ಜಲಿಲ್ಲ ಕಣೋ."

ಅವಳು ನಿಲ್ಲಿಸಿ ನಿಲ್ಲಿಸಿ ಮಾತಾಡಿದಳು. "ಅಪ್ಪ ಹೋದ್ಮೇಲೆ ನೀನು ದಿನಾ ಮೋರಿ ತಾವ ಹೋಗಿ ನಿಂತ್ಕಂತಿದ್ದೆ. ಎಂಟು ತುಂಬ್ಲಿ, ಕಾಸು ಓದಿಸ್ಕಂಡು ಹೋಗಿ ಅಪ್ಪನ್ನ ಎಳ್ಕಂಬತ್ತೀನಿ ಅಂತಿದ್ದೆ. ನೀನೂ ಹೋಗಿಬಿಟ್ರೆ ನಂಗೆ ಯಾರಿದ್ರು? ಅದ್ಕೇ ಉಜ್ಜಿದೆ. ಬೇಕೂ ಅಂತ್ಲೇ. ಮೂರು ದಿನ ಉಜ್ಜಿದೀನಿ, ಸುಮ್ನೆ ಹೋಗ್ಲಿಲ್ಲ ಆ ಮುಖ."

"ಬೇಕೂ ಅಂತ?"

"ಬೇಕೂ ಅಂತ. ಆಮೇಲೆ ದೊಡ್ಡಪ್ಪ ನನ್ನೇ ಕೊಟ್ಟು ಕಳಿಸ್ದ. ಅವ್ನೇನು ನನ್ನ ಕೇಳಿದ್ನಾ? ಹೇಳ್ಬೇಕು ಅಂತ ಎಷ್ಟು ಸಲ ಬರ್ದೆ. ನೀನು ಒಡೀಲಿಲ್ಲ. ಬಂದ್ರೆ ಮುಖ ಕೊಡ್ಲಿಲ್ಲ. ಈಗ ಕೇಳಿಸ್ಕ. ಮೊದ್ಲು ಮಣ್ಣು ಬಿಟ್ಟು ಮುಖ ಎದ್ದಾಗ, ಅಳ್ಸಕ್ ಮುಂಚೆ, ನಾನು ಚೆನ್ನಾಗಿ ನೋಡ್ಕಂಡೆ. ಇವತ್ತೂ ಕಣ್ಣು ಮುಚ್ಚಿದ್ರೆ ಬತ್ತದೆ. ಗಿಣಿಮೂಗಿನ ಮುದ್ಕ. ಉದ್ದ ಕತ್ತು, ಗಂಟ್ಲು ಗಡ್ಡೆ ಮುಂದಕ್ಕೆ. ತಲೆ ಮ್ಯಾಲೆ ಗರಗಸ, ಹೆಬ್ಬೆಟ್ಟಿಗೆ ಚುಚ್ತಿತ್ತು. ಹಿಂದ್ಗಡೆ ಹೆಂಗ್ಸು ಇರ್ಲಿಲ್ಲ ಕಣೋ, ಹಿಂದ್ಗಡೆ..."

"ನಲವತ್ತೈದು ವರ್ಷ!" ಎಂದು ನಾನು ಕಿರುಚಿದೆ. "ನಲವತ್ತೈದು ವರ್ಷ ನಾಯಿ ಥರ ಆ ಮೋರಿ ಸುತ್ತಿದೀನಿ, ಬೇಕೂ ಅಂತ ಅಂತೀಯಾ! ಸಾಯಿ ಹೋಗು ಅತ್ಲಾಗೆ!"

ಫೋನನ್ನು ಎಸೆದೆ. ಅದು ಕಾಸು ನೆನೆಹಾಕಿದ್ದ ಹರಳೆಣ್ಣೆಯ ಬೋಗುಣಿಗೆ ಬಿತ್ತು.

ನನ್ನ ಸಿಟ್ಟು ಒಂದು ಲೋಟ ಚಹ ಆರುವಷ್ಟು ಹೊತ್ತು ಇರುತ್ತದೆ. ಆರಿದ ಮೇಲೆ ನನಗೆ ನಾನು ಮಾಡಿದ್ದು ತಿಳಿಯಿತು. ಮುಂದಿನ ಮುಖ ಸಿಕ್ಕಿತ್ತು. ಹಿಂದಿನದನ್ನು ಅವಳ ಬಾಯಿಂದ ಬರುವ ಮೊದಲೇ ನಾನೇ ಕತ್ತು ಹಿಸುಕಿದ್ದೆ. ಫೋನನ್ನು ಎಣ್ಣೆಯಿಂದ ಎತ್ತಿ ಒರೆಸಿದೆ, ಕೊಡವಿದೆ, ಅದು ಮೀನಿನ ಹಾಗೆ ಜಾರಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಓಡಿಹೋಗಿ ಸಾಕಮ್ಮನ ಫೋನು ಇಸಿದುಕೊಂಡೆ. ಗಿರಿಜ ಎತ್ತಿದಳು. ಅವಳ ಧ್ವನಿ ಬದಲಾಗಿತ್ತು.

"ಏನ್ ಅಂದ್ರಿ ಮಾವ ಅಮ್ಮಂಗೆ? ಉಸಿರು ಮೇಲಕ್ಕೆ ಹತ್ತಿ ಒದ್ದಾಡಿಬಿಟ್ರು. ಈಗ ಮೂಗಿಗೆ ಬಾಯಿಗೆ ಮಾಸ್ಕ್ ಹಾಕಿದಾರೆ. ಮಾತಿಲ್ಲ. ನಾನಂತೂ ಮತ್ತೆ ಫೋನ್ ಕೊಡಲ್ಲ."

ಸೋಮವಾರ ಇಡೀ ದಿನ ನಾನು ಮನೆಯಿಂದ ಮೋರಿಗೆ, ಮೋರಿಯಿಂದ ಮನೆಗೆ ತಿರುಗಿದೆ. ಪುಸ್ತಕದಲ್ಲಿ ಗಿಣಿಮೂಗಿನ ಮುದುಕನ ಪುಟ ತೆರೆದೆ. ನೆರ್ವ ಎಂದು ಹೆಸರು. ಆಳಿದ್ದು ಎರಡು ವರ್ಷವೂ ಇಲ್ಲ. ಅಷ್ಟರಲ್ಲೇ ಅವನು ಕಾಸಿನ ಹಿಂದೆ ಏನೇನೋ ಹಾಕಿಸಿದ್ದ. ಹೆಂಗಸರನ್ನು ಬಿಟ್ಟರೂ ಇನ್ನೂ ನಾಲ್ಕೈದು ಉಳಿಯುತ್ತಿದ್ದವು. ಈ ವರ್ಷದ ಸರದಿ ಇನ್ನೂ ಬಾಕಿ ಇತ್ತು, ಆದರೆ ಒಂದು ಸಲ ತಪ್ಪಿದರೆ ಮತ್ತೊಂದು ವರ್ಷ. ಓಬಕ್ಕನಿಗೆ ಇದ್ದದ್ದು ಎರಡು ದಿನ.

ಉಳಿದದ್ದು ಬೆಂಕಿ. ಸಾಕಮ್ಮನ ಅಪ್ಪ ಕಮ್ಮಾರ. ಸವೆದ ಕಾಸನ್ನು ಕಾದ ಕಬ್ಬಿಣದ ಮೇಲಿಟ್ಟರೆ, ಅಳಿಸಿಹೋದದ್ದು ಒಂದು ಗಳಿಗೆ ಬಣ್ಣವಾಗಿ ಮೇಲೆ ಬರುತ್ತದೆ, ಆಮೇಲೆ ಕರ್ರಗಾಗಿ ಎಂದೆಂದಿಗೂ ಮುಚ್ಚಿಹೋಗುತ್ತದೆ ಎಂದು ಅವನು ಹೇಳುತ್ತಿದ್ದ. ಬರುವುದು ಮೇಲಿರುವ ಒಂದು ಮಗ್ಗುಲು ಮಾತ್ರ. ಕೆಳಗಿನದು ಕಬ್ಬಿಣಕ್ಕೆ ಅಂಟಿ ಸುಟ್ಟುಹೋಗುತ್ತದೆ. ಎರಡೂ ಮಗ್ಗುಲು ಗೊತ್ತಿಲ್ಲದ ನನಗೆ ಅದು ಇದುವರೆಗೆ ಉಪಯೋಗಕ್ಕೆ ಬರುವ ಮಾತಾಗಿರಲಿಲ್ಲ. ಈಗ ಒಂದು ಗೊತ್ತಿತ್ತು.

ಮಂಗಳವಾರ ಬೆಳಿಗ್ಗೆ ಹತ್ತರ ಬಸ್ಸಿನ ಹೊತ್ತಿಗೆ ಬಟ್ಟೆಯ ಚೀಲ ಹಿಡಿದು ಸಾಕಮ್ಮನ ಹೋಟೆಲಿಗೆ ಹೋದೆ.

"ಸಾಕಕ್ಕ, ಹಂಚು ಕೊಡು."

"ದೋಸೆ ಬೇಕು ಅನ್ನು, ಹಾಕ್ಕೊಡ್ತೀನಿ. ಹಂಚ್ಯಾಕೆ?"

"ದೋಸೆ ನೀನೇ ತಿನ್ನು. ಹಂಚು ಬೇಕು."

ಅವಳು ನನ್ನ ಕೈಯಲ್ಲಿದ್ದ ಕಾಸು ನೋಡಿದಳು, ಚೀಲ ನೋಡಿದಳು. ಸಟ್ಟುಗ ಕೆಳಗಿಟ್ಟಳು. "ಸುಟ್ಟು ಏನೂ ಕಾಣ್ಲಿಲ್ಲ ಅಂದ್ರೆ?"

"ಕಾಣ್ಲಿಲ್ಲ ಅಂದ್ರೆ ನಿನ್ನ ಚಹ ಐತಲ್ಲ."

"ಕಂಡ್ತು ಅನ್ನು. ನೀನು ಹೋದ್ರೆ ಈ ಊರ ಕಾಸು ಓದೋರ್ಯಾರು? ನನ್ನ ಮೊಮ್ಮಗಳದ್ದು ನಿನ್ನ ಬೋಗುಣೀಲೇ ಐತೆ."

"ಬತ್ತೀನಿ."

"ಹೋದೋರೆಲ್ಲ ಹಂಗೇ ಅಂದೋಗಿರದು. ನಿಮ್ಮಪ್ಪನೂ ಇಲ್ಲೇ ಕೂತು ಅಂದ."

"ನಾನು ನಮ್ಮಪ್ಪ ಅಲ್ಲ. ಅವ್ಳಿಗೆ ಬೈಯೋದು ಐತೆ. ಬೈದು ಬತ್ತೀನಿ. ಹಂಚು ಕೊಡ್ತೀಯೋ, ಒಲೆ ಒದ್ದು ತಗಳ್ಲೋ?"

"ಒದಿ ನೋಡಾನ" ಎಂದಳು. ಆದರೆ ಸೌದೆ ಮುಂದಕ್ಕೆ ತಳ್ಳಿದ್ದೂ ಅವಳೇ, ಈರುಳ್ಳಿಯಿಂದ ಹಂಚಿನ ಎಣ್ಣೆ ಒರೆಸಿ ತೆಗೆದದ್ದೂ ಅವಳೇ.

ಮೋರಿಯ ಆಚೆಯಿಂದ ಹಾರ್ನ್ ಬಂತು. ಮುಖದ ಕಡೆ ಕಾಸು ತುಸು ಉಬ್ಬಿರುತ್ತದೆ. ಆ ಮಗ್ಗುಲನ್ನು ಬೆರಳಲ್ಲೇ ಗುರುತಿಸಿ, ಕೆಳಗೆ ಮಾಡಿ, ಕಾಸನ್ನು ಹಂಚಿನ ಮೇಲಿಟ್ಟೆ. ಗಿಣಿಮೂಗಿನ ಮುದುಕನನ್ನು ನಾನು ಕಣ್ಣಾರೆ ಒಮ್ಮೆಯೂ ನೋಡಿರಲಿಲ್ಲ, ನೋಡದೆಯೇ ಸುಡುತ್ತಿದ್ದೆ. ಮೊದಲು ಏನೂ ಆಗಲಿಲ್ಲ. ಹಳದಿ ಸ್ವಲ್ಪ ಗಾಢವಾಯಿತು, ಬೆಲ್ಲದ ಬಣ್ಣಕ್ಕೆ ತಿರುಗಿತು. ಆಮೇಲೆ ಅಂಚಿನಲ್ಲಿ ಇರುವೆಗಳ ಸಾಲಿನಂತೆ ಅಕ್ಷರಗಳು ಎದ್ದವು. ನಡುವೆ ಕೆನ್ನೀಲಿಯ ಒಂದು ಮುದ್ದೆ ಮೂಡಿತು, ಅಡ್ಡಡ್ಡ, ಎರಡು ಕಡೆಗೂ ಬಾಲವಿದ್ದಂತೆ.

"ಏಡಿ ಕಣೋ" ಎಂದಳು ಸಾಕಮ್ಮ.

"ಬಾಯ್ಮುಚ್ಚು."

ನನಗೂ ಏಡಿಯೇ ಕಂಡಿತ್ತು. ಬಗ್ಗಿದೆ, ಹುಬ್ಬು ಸುಡುವಷ್ಟು. ಏಡಿಗೆ ಕಾಲು ಎರಡೂ ಕಡೆ ಇರುತ್ತದೆ. ಇಲ್ಲಿ ಕೆಳಗೆ ನಾಲ್ಕು, ಮೇಲೆ ಒಂದು. ಬೆರಳುಗಳು. ಒಂದು ಬಲಗೈ ಇನ್ನೊಂದು ಬಲಗೈಯನ್ನು ಹಿಡಿದಿತ್ತು. ಎರಡು ಕೈ, ಮಣಿಕಟ್ಟಿನವರೆಗೆ, ಬೇರೇನಿಲ್ಲ.

ಬೇರೇನಿಲ್ಲವೇ? ಕೈಗಳ ಹಿಂದೆ ಓರೆಯಾಗಿ ಒಂದು ಗೆರೆ ಹಾದುಹೋಗಿತ್ತು. ಪುಸ್ತಕದಲ್ಲಿ ಮುದುಕನ ಈ ಕೈಗಳ ಕಾಸು ಎರಡು ಥರ. ಒಂದರಲ್ಲಿ ಬರೀ ಕೈ. ಇನ್ನೊಂದರಲ್ಲಿ ಆ ಕೈಗಳು ಪಡೆಯ ಬಾವುಟದ ಕೋಲು ಹಿಡಿದಿವೆ. ಇದು ಕೋಲೋ, ಅಲ್ಲವೋ? ಕಣ್ಣು ಕಿತ್ತು ಬರುವ ಹಾಗೆ ನೋಡಿದೆ. ಕೆನ್ನೀಲಿ ಬೂದಿಯಾಯಿತು, ಬೂದಿ ಕಪ್ಪಾಯಿತು. ಸಾಕಮ್ಮ ಸಟ್ಟುಗದಲ್ಲಿ ಕಾಸನ್ನು ಎತ್ತಿ ನೀರಿನ ಬಕೆಟ್ಟಿಗೆ ಹಾಕಿದಳು. ಅದು ಚುಂಯ್ ಎಂದಿತು. ತೆಗೆದು ನೋಡಿದರೆ ಇದ್ದಿಲಿನ ಬಿಲ್ಲೆ.

ಮತ್ತೆ ಹಾರ್ನ್. "ತಿಪ್ಪೇಶಣ್ಣಾ, ಬರೋದಾದ್ರೆ ಬಾ, ಇಲ್ಲಾಂದ್ರೆ ನಾ ಹೊಂಟೆ!" ಎಂದು ಇಮಾಂಸಾಬಿ ಆಚೆಯಿಂದ ಕೂಗಿದ. ಉಳಿದವರೆಲ್ಲ ದಾಟಿ ಕಿಟಕಿಗಳಲ್ಲಿ ತಲೆ ಇಟ್ಟಿದ್ದರು. ಅಷ್ಟೂ ಜನರ ಕಾಸು ನಾನೇ ಓದಿದ್ದು.

ಮೋರಿಯ ಕಟ್ಟೆಯವರೆಗೆ ಎಂಬತ್ತು ಹೆಜ್ಜೆ. ಆ ಎಂಬತ್ತರಲ್ಲಿ ನಾನು ಆ ಗೆರೆಯನ್ನು ಮನಸ್ಸಿನಲ್ಲೇ ತಿರುಗಿಸಿ ತಿರುಗಿಸಿ ನೋಡಿದೆ. ಕೋಲಾದರೆ ಎರಡೂ ತುದಿ ಒಂದೇ ದಪ್ಪವಿರಬೇಕು. ಇದು ಒಂದು ಕಡೆ ಆಳ, ಇನ್ನೊಂದು ಕಡೆ ತೆಳು. ಅಂಚಿನ ಅಕ್ಷರಗಳ ಮೇಲೂ ಅದೇ ಓರೆಯ ಸಣ್ಣ ಗೀರುಗಳಿದ್ದವು, ಎಡದಿಂದ ಬಲಕ್ಕೆ ಇಳಿದಂಥವು. ಬಾವುಟದ ಕೋಲು ಅಕ್ಷರದ ಮೇಲೆ ಹಾಯುವುದಿಲ್ಲ. ಅವೆಲ್ಲ ಒಂದೇ ಕೈಯ ಗೀರುಗಳು. ಓಬಕ್ಕ ಎಡಚಿ. ಎಡಗೈಯಲ್ಲಿ ನಾರು ಹಿಡಿದು, ಬೂದಿ ಹಾಕಿ, ಮೂರು ದಿನ ಕೂತು ಎಳೆದಿದ್ದಳು. ಈ ದೊಡ್ಡ ಗೆರೆಯ ಹೊತ್ತಿಗೆ ಅವಳಿಗೆ ಕೈ ಸೋತು ಸಿಟ್ಟು ಬಂದಿರಬೇಕು. ಸಿಟ್ಟು ನಮ್ಮ ಮನೆಯಲ್ಲಿ ಎಲ್ಲರಿಗೂ ಇತ್ತು.

ಕಟ್ಟೆಯ ಹತ್ತಿರ ನಿಂತೆ.

"ಮುಂದೆ ಗಿಣಿಮೂಗಿನ ಮುದುಕ, ಗರಗಸದ ಕಿರೀಟ" ಎಂದೆ. "ಹಿಂದೆ ಎರಡು ಕೈ. ಒಂದನ್ನೊಂದು ಹಿಡಿದಿದಾವೆ. ಕೋಲಿಲ್ಲ."

ನಡೆದೆ. ಹೆಜ್ಜೆ ಎಣಿಸುತ್ತಿದ್ದೆ. ಎಂಟರಲ್ಲಿ ಗಿರಣಿಯ ಸದ್ದು ಕೇಳಿಸಿದ ಹಾಗಾಯಿತು. ಅದು ಬಸ್ಸಿನ ಎಂಜಿನ್ನು. ಹತ್ತು. ಹನ್ನೊಂದು. ಹನ್ನೆರಡನೇ ಹೆಜ್ಜೆಗೆ ನನ್ನ ಕೈ ಬಸ್ಸಿನ ಬಾಗಿಲಿನ ಕಂಬಿಯ ಮೇಲಿತ್ತು. ಇಮಾಂಸಾಬಿ ತನ್ನ ಪಕ್ಕದ ಎಂಜಿನ್ನಿನ ಮೇಲೆ ಟವೆಲು ಹಾಸಿ ಜಾಗ ತೋರಿಸಿದ.

ಆಚೆ ಏನೋ ಇರುತ್ತದೆ ಅಂದುಕೊಂಡಿದ್ದೆ. ಅಲ್ಲೂ ಅದೇ ಜಾಲಿಗಿಡ, ಅದೇ ಕೆಂಪು ದೂಳು, ಹೊಲದಲ್ಲಿ ನಮ್ಮವೇ ಎನ್ನಬಹುದಾದ ಎಮ್ಮೆಗಳು. ಇದಕ್ಕಾಗಿ ನಲವತ್ತೈದು ವರ್ಷ ನಿದ್ದೆಗೆಟ್ಟೆನಲ್ಲ ಎಂದು ಮೈ ಉರಿಯಿತು. ಎರಡು ಗಂಟೆಯ ದಾರಿಯಲ್ಲಿ ನಾನು ಕೂರಲಿಲ್ಲ. ಕಂಬಿ ಹಿಡಿದು ನಿಂತು, ಓಬಕ್ಕನಿಗೆ ಹೇಳಬೇಕಾದ ಬೈಗುಳಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಂಡೆ. ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಆದರೆ ಬಸ್ಸು ನಿಂತಲ್ಲೆಲ್ಲ "ಬೇಗ ಬಿಡೋ, ಬೇಗ ಬಿಡೋ" ಎಂದು ಇಮಾಂಸಾಬಿಯ ಹೆಗಲಿಗೆ ಗುದ್ದುತ್ತಿದ್ದೆ.

ಆಸ್ಪತ್ರೆಯ ಮೂರನೇ ಮಹಡಿ. ಬಾಗಿಲಲ್ಲಿ ಗಿರಿಜ ನನ್ನನ್ನು ತಡೆದಳು. "ಕೂಗಾಡಲ್ಲ ಅಂದ್ರೆ ಒಳಗೆ ಬಿಡ್ತೀನಿ." ನಾನು ತಲೆಯಾಡಿಸಿದೆ. ಸುಳ್ಳೇ ಆಡಿಸಿದೆ.

ಮಂಚದ ಮೇಲೆ ಇದ್ದವಳು ನನಗೆ ಗುರುತು ಹತ್ತಲಿಲ್ಲ. ಮೈ ಊದಿ, ಕೂದಲು ಉದುರಿ, ಮುಖದಲ್ಲಿ ಗೆರೆಗಳೇ ಉಳಿದಿರಲಿಲ್ಲ. ಎಲ್ಲರ ಮುಖ ಹೇಳುವ ನಾನು ಒಂದು ನಿಮಿಷ ಯಾರಿದು ಎಂದು ನಿಂತೆ. ಆಮೇಲೆ ಎಡಗೈ ಹೊದಿಕೆಯ ಅಂಚನ್ನು ಉಜ್ಜುತ್ತಿರುವುದು ಕಂಡಿತು.

"ಬಂದೆ" ಎಂದೆ.

ಅವಳು ಕಣ್ಣು ತೆರೆದಳು. ನನ್ನನ್ನು ನೋಡಿ, ಮಾಸ್ಕನ್ನು ತಾನೇ ಕೆಳಗೆಳೆದಳು. ಗಿರಿಜ ಮುಂದೆ ಬಂದಳು, ಅವಳು ಕಣ್ಣಲ್ಲೇ ಗದರಿಸಿದಳು. ಕೈ ಚಾಚಿದಳು. ನಾನು ಬೈಗುಳ ಶುರು ಮಾಡಬೇಕೆಂದು ಬಾಯಿ ತೆರೆದೆ, ಆದರೆ ಕೈ ತಾನಾಗಿ ಜೇಬಿಗೆ ಹೋಗಿ ಕಾಸು ತೆಗೆದು ಅವಳ ಅಂಗೈಯಲ್ಲಿಟ್ಟಿತು.

ಅವಳು ಅದನ್ನು ಮುಖದ ಹತ್ತಿರ ಹಿಡಿದಳು. ತಿರುಗಿಸಿದಳು. ಹೆಬ್ಬೆರಳಿನಲ್ಲಿ ಒಂದೆರಡು ಸಲ ತಿಕ್ಕಿದಳು. ಬೆರಳಿಗೆ ಮಸಿ ಹತ್ತಿತು.

"ಥೂ, ಏನೋ ಇದು" ಎಂದಳು, ಉಸಿರಿನಲ್ಲೇ. "ಎಷ್ಟು ಬೆಳ್ಳಗಿಟ್ಟಿದ್ದೆ. ಹಿಂಗಾ ಇಟ್ಕಳದು?"

ಆಮೇಲೆ ಮಗಳ ಕಡೆ ತಿರುಗಿದಳು.

"ಗಿರಿಜ, ಕ್ಯಾಂಟೀನಿಂದ ಒಂಚೂರು ಹುಣ್ಸೆಹಣ್ಣು ಇಸ್ಕಂಬಾರೆ."

ಗಿರಿಜ ನನ್ನ ಮುಖ ನೋಡಿದಳು. "ನೀನಿರು, ನಾನೇ ತರ್ತೀನಿ" ಎಂದೆ. ಮೂರು ಮಹಡಿ ಇಳಿದು ಹೋದೆ. ಹುಣಸೆಹಣ್ಣು ಮಾರುವುದಿಲ್ಲ ಎಂದ ಕ್ಯಾಂಟೀನಿನವನ ಹತ್ತಿರ, ಜೋಡಿಸಿಟ್ಟಿದ್ದ ಬೈಗುಳಗಳನ್ನೆಲ್ಲ ಖರ್ಚು ಮಾಡಿ, ಒಂದು ನಿಂಬೆಗಾತ್ರ ಇಸಿದುಕೊಂಡು ಮೆಟ್ಟಿಲು ಹತ್ತಿದೆ.